ಕೆರೆಯ ಏರಿಯವರೆಗೆ

ನಾನು ಒಂದು ಭೇರಿ. ಹೊಟ್ಟೆ ಹೊನ್ನೆ ಮರದ್ದು, ಮುಖ ಎರಡು, ಎರಡಕ್ಕೂ ಕೋಣದ ಚರ್ಮ. ಎಡಗಡೆಯ ಮುಖವನ್ನು ಹೋದ ವರ್ಷ ಇಲಿಗಳು ತಿಂದು ಮುಗಿಸಿದವು. ಅರಸನ ಆಜ್ಞೆಗಳನ್ನು ಊರಿಗೆ ಸಾರಿದ ಮುಖವದು, ಇಲಿಗಳಿಗೆ ಅದರ ಲೆಕ್ಕವೇನು? ಬಲಗಡೆಯದು ಇನ್ನೂ ಉಳಿದಿದೆ. ಅದರ ಬಲದಿಂದಲೇ ಈ ಕಥೆ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಕರಿಬಂಡೆಗಳ ಬೆಟ್ಟದ ಬುಡದ ಒಂದು ಊರಿನಲ್ಲಿ. ನಮ್ಮನ್ನು ಆಳುವ ಅರಸ ಇದ್ದದ್ದು ಬಹಳ ದೂರದ ಪಾಟಲಿಪುತ್ರದಲ್ಲಿ. ಅಲ್ಲಿಂದ ಹೊರಟ ಆಜ್ಞೆ ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಗೆ ಬಂದು, ಅಲ್ಲಿಂದ ನಮ್ಮ ಸೀಮೆಯ ಅಧಿಕಾರಿಗೆ ಬಂದು, ಕೊನೆಗೆ ನನ್ನ ಹೊಟ್ಟೆಯೊಳಗಿಂದ ಗುಡುಗಿ ಊರಿಗೆ ಮುಟ್ಟುತ್ತಿತ್ತು. ಅಷ್ಟು ದೂರ ನಡೆದು ಬಂದ ಮಾತಿಗೆ ಕೊನೆಯ ಬಾಯಿ ನಾನೇ. ಆ ಜಂಬ ನನಗೆ ಸಾಕಷ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನನ್ನು ಬಾರಿಸುವ ಕೆಲಸ ಕಾರಿಯನದು. ಎತ್ತಿನಂಥ ಹೆಗಲು, ಮಗುವಿನಂಥ ಮುಖ. ಕೆಲಸಕ್ಕೆ ಸೇರಿದ ದಿನ ಅವನು ನನ್ನ ಮೇಲೆ ಅಂಗೈ ಇಟ್ಟು ಆಣೆ ಮಾಡಿದ್ದ: ಭೇರಿ ನುಡಿಯುವ ಮುಂಚೆ ಅರಸನ ಮಾತನ್ನು ಹೆಂಡತಿಗೂ ಹೇಳುವುದಿಲ್ಲ, ಒಡಹುಟ್ಟಿದವರಿಗೂ ಹೇಳುವುದಿಲ್ಲ. ಭೇರಿ ಬಾರಿಸುವವರೆಲ್ಲ ಮಾಡುವ ಆಣೆ ಅದು. ಅವನ ಅಂಗೈ ಬೆಚ್ಚಗಿತ್ತು. ಅಂದು ಅದು ನನಗೆ ತುಂಬ ಹಿತವೆನಿಸಿತು.

ಆಗ ನನಗೆ ಬರುತ್ತಿದ್ದ ಬಡಿತ ಒಂದೇ. ಮೂರು ಭಾರಿ ಪೆಟ್ಟು, ಆಮೇಲೆ ನಿಲ್ಲದ ಗುಡುಗು. ದಂಡಿಗೆ ಜನ ಹಿಡಿಯಲು ಬಂದಿದ್ದಾರೆ ಎಂದು ಅದರ ಅರ್ಥ. ಅದು ಕೇಳಿದರೆ ಸಾಕು, ಒಲೆಯ ಮೇಲಿನ ನವಣೆ ಅನ್ನ ಸೀಯುತ್ತಿತ್ತು, ಮಗ್ಗ ಅರ್ಧಕ್ಕೆ ನಿಲ್ಲುತ್ತಿತ್ತು, ಕೈಕಾಲು ಗಟ್ಟಿಯಿದ್ದ ಗಂಡಸರೆಲ್ಲ ಹಿತ್ತಿಲ ದಾರಿಯಲ್ಲಿ ಬೆಟ್ಟ ಹತ್ತುತ್ತಿದ್ದರು. ಓಡಲಾರದವರು ಸಿಕ್ಕುತ್ತಿದ್ದರು. ಮೂಡಣ ದೇಶದ ಯುದ್ಧಕ್ಕೆಂದು ನಮ್ಮೂರಿನಿಂದ ಒಂಬತ್ತು ಜನ ಹೋದರು. ಒಬ್ಬ ತಿರುಗಿ ಬಂದ, ಅವನೂ ಮಾತು ಬಿಟ್ಟುಬಿಟ್ಟಿದ್ದ.

ಕಾರಿಯನ ತಂಗಿ ಸಣ್ಣಿ. ಅವಳ ಗಂಡನ ಹೆಸರು ಎರೆಯ, ಕುಂಬಾರ. ಅವರ ಅಂಗಳ ನನ್ನನ್ನು ಇಟ್ಟಿದ್ದ ಚಾವಡಿಯ ಎದುರಿಗೇ ಇತ್ತು. ಹಸಿ ಮಡಕೆಯ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಎರೆಯ ತಟ್ಟುತ್ತಿದ್ದ. ಎರಡು ಸಣ್ಣ ಪೆಟ್ಟು, ಮಡಕೆ ತಿರುಗಿಸುವಷ್ಟು ತಡೆ, ಮತ್ತೆ ಮೂರು ಪೆಟ್ಟು. ದಿನವಿಡೀ ಅದೇ. ನನಗೆ ಆ ಸದ್ದಿನ ಮೇಲೆ ಹೊಟ್ಟೆಕಿಚ್ಚಿತ್ತು. ಅದನ್ನು ಕೇಳಿ ಯಾರೂ ಓಡುತ್ತಿರಲಿಲ್ಲ.

ಇನ್ನೊಂದು ಸಲ ದಂಡಿಗೆ ಜನ ಬೇಕೆಂದು ಆಜ್ಞೆ ಬಂದಾಗ ಕಾರಿಯನಿಗೆ ಹಿಂದಿನ ದಿನವೇ ತಿಳಿದಿತ್ತು. ಅವನು ತಂಗಿಯ ಮನೆ ಮುಂದೆ ಎರಡು ಸಲ ಹಾದುಹೋದ. ಎರೆಯ ಕರೆದು ಮಜ್ಜಿಗೆ ಕೊಟ್ಟ. ಕಾರಿಯ ಕುಡಿದ, ಬಾಯಿ ಬಿಡಲಿಲ್ಲ. ಆಣೆ ಅವನನ್ನು ಕಟ್ಟಿಹಾಕಿತ್ತು. ಬೆಳಿಗ್ಗೆ ನಾನು ಗುಡುಗಿದೆ. ಎರೆಯ ತಟ್ಟುತ್ತಿದ್ದ ಮಡಕೆಯನ್ನು ಹಾಗೇ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಬೆಟ್ಟದ ಕಡೆ ಓಡಿದ.

ಸಣ್ಣಿ ಚಾವಡಿಗೆ ಬಂದಳು. ಅಣ್ಣನ ಮುಂದೆ ನಿಂತಳು.

"ನಿನಗೆ ನಿನ್ನೇನೇ ಗೊತ್ತಿತ್ತು. ಅವನ ಕೈಯಾಗೆ ಮಜ್ಜಿಗೆ ಕುಡಿದ್ಯಲ್ಲ. ಒಂದು ಹಿಡಿ ಹುರುಳಿ ಕಟ್ಟಿಕೊಡಾಕಾದ್ರೂ ಹೊತ್ತು ಸಿಗ್ತಿತ್ತು ನಂಗೆ. ನಿನ್ನ ಕೈ ಸೇದಿಹೋಗ್ಲಿ."

ಅಂದಿನಿಂದ ಅಣ್ಣ ತಂಗಿಯ ನಡುವೆ ಮಾತು ನಿಂತಿತು.

ಓಡಿಹೋದವರ ಮನೆಗೆ ಅರಸನ ಕಡೆಯಿಂದ ಸಿಗುತ್ತಿದ್ದದ್ದು ಹತ್ತಿಯ ಮೂಟೆಯೊಂದೇ. ನೂಲಿನ ಅಧಿಕಾರಿಯ ಆಳು ಬಾಗಿಲಿಗೆ ತಂದು ಹಾಕುತ್ತಿದ್ದ, ಗಂಡನಿಲ್ಲದ ಹೆಂಗಸರು ನೂಲು ತೆಗೆದು ಕೊಡಬೇಕು. ಸಣ್ಣಿ ಜಗಲಿಯಲ್ಲಿ ಕೂತು ಕದಿರು ತಿರುಗಿಸುತ್ತಿದ್ದಳು, ಮುಖ ಮಾತ್ರ ಬೆಟ್ಟದ ಕಡೆ. ಅರ್ಧಕ್ಕೆ ನಿಂತ ಮಡಕೆ ಅಂಗಳದಲ್ಲಿ ಒಣಗಿ ಬಿರುಕುಬಿಟ್ಟಿತು. ಅದನ್ನು ಅವಳು ಎತ್ತಿಡಲಿಲ್ಲ.

ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ದಿನ ಧನಮಿತ್ರ ಎಂಬ ರಜ್ಜುಕ ನಮ್ಮ ಸೀಮೆಗೆ ಬಂದ. ರಜ್ಜುಕ ಎಂದರೆ ಹಗ್ಗ ಹಿಡಿದು ಹೊಲ ಅಳೆಯುವ ಅಧಿಕಾರಿ, ಜಗಳ ಬಂದರೆ ನ್ಯಾಯ ಹೇಳುವವನೂ ಅವನೇ. ಉತ್ತರದವನು, ನಮ್ಮ ಮಾತನ್ನು ಕಲ್ಲು ಹಾದಿಯಲ್ಲಿ ಬರಿಗಾಲಲ್ಲಿ ನಡೆದಂತೆ ಆಡುತ್ತಿದ್ದ. ಅವನು ತಂದ ಆಜ್ಞೆ ಕೇಳಿ ನಾನೇ ಬೆರಗಾದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ಕರುಣೆ ಇರಲಿ, ನಿಜ ನುಡಿಯಿರಿ ಎಂದು ಅರಸ ಹೇಳಿ ಕಳಿಸಿದ್ದ. ಇನ್ನು ಈ ಊರಿನಿಂದ ದಂಡಿಗೆ ಜನ ಹಿಡಿಯುವುದಿಲ್ಲ, ಬೆಟ್ಟಕ್ಕೆ ಓಡಿದವರ ತಪ್ಪು ಮನ್ನಾ ಎಂದೂ ಧನಮಿತ್ರ ಸೇರಿಸಿ ಓದಬೇಕಿತ್ತು. ಪುಷ್ಯ ನಕ್ಷತ್ರದ ದಿನ ಭೇರಿ ಬಾರಿಸಿ ಜನರನ್ನು ಸೇರಿಸಿ ಓದಬೇಕೆಂದು ಕಟ್ಟಳೆ.

ಆ ದಿನ ಬೆಳಿಗ್ಗೆ ಕಾರಿಯ ಸ್ನಾನ ಮಾಡಿ ಬಂದ. ನನ್ನ ಮುಖಕ್ಕೆ ಎಣ್ಣೆ ಸವರಿದ. ಅವನ ಕಣ್ಣಲ್ಲಿ ನೀರಿತ್ತು. ಈ ಸಲವೂ ಆಣೆಗೆ ಕಟ್ಟುಬಿದ್ದು ತಂಗಿಗೆ ಏನೂ ಹೇಳಿರಲಿಲ್ಲ, ಭೇರಿಯೇ ಹೇಳಲಿ ಎಂದು ಆಸೆಪಟ್ಟಿದ್ದ. ಕೋಲು ಎತ್ತಿ, ತನಗೆ ಗೊತ್ತಿದ್ದ ಒಂದೇ ಬಡಿತವನ್ನು ಮನಸಾರೆ ಬಾರಿಸಿದ. ಮೂರು ಭಾರಿ ಪೆಟ್ಟು, ಆಮೇಲೆ ನಿಲ್ಲದ ಗುಡುಗು.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಂಡಸರು ಬೆಟ್ಟ ಹತ್ತಿದರು, ಹೆಂಗಸರು ಕದ ಹಾಕಿಕೊಂಡರು, ಬೀದಿ ಬರಿದಾಯಿತು. ಧನಮಿತ್ರ ಚಾವಡಿಯ ಮೇಲೆ ನಿಂತು, ಎರಡು ನಾಯಿ, ಒಂದು ಕುಂಟ ಎಮ್ಮೆಯ ಮುಂದೆ ಆಜ್ಞೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಓದಲೇಬೇಕೆಂದು ಕಟ್ಟಳೆಯಿತ್ತಲ್ಲ. ಜೀವಿಗಳ ಮೇಲೆ ಕರುಣೆಯ ಮಾತು ಬಂದಾಗ ಎಮ್ಮೆ ತಲೆಯಾಡಿಸಿತು.

"ಇವರು ಯಾಕೆ ಓಡುತ್ತಾರೆ?" ಎಂದು ಧನಮಿತ್ರ ಕಾರಿಯನನ್ನು ಕೇಳಿದ.

"ಹೆದರ್ತಾರೆ, ಒಡೆಯಾ."

"ಒಳ್ಳೆಯ ಮಾತಿಗೆ ಹೆದರುವುದೇ?"

"ಮಾತು ಅವ್ರಿಗೆ ಕೇಳಿಸ್ಲಿಲ್ಲ ಒಡೆಯಾ. ಭೇರಿ ಕೇಳಿಸ್ತು."

ನಗುವ ವಿಷಯವೆಂದು ನಾನೂ ಅಂದುಕೊಂಡಿದ್ದೆ, ಅಗಸರ ಮುದಿ ಮಾಚ ಕೆರೆಯಿಂದ ಬರುವವರೆಗೆ. ಅವನು ಒದ್ದೆ ಬಟ್ಟೆಯ ಗಂಟನ್ನೂ ಇಳಿಸದೆ ನೇರ ಸಣ್ಣಿಯ ಜಗಲಿಗೆ ಹೋದ.

"ಎರೆಯ ಬಂದಿದ್ದ ಕಣವ್ವಾ. ಕೆರೆ ಏರಿ ಮೇಲೆ ನಿಂತು ಊರು ನೋಡ್ತಿದ್ದ. ಕೈಯಾಗೆ ಒಂದು ಕುಡಿಕೆ ಇತ್ತು. ನಾನು ಕೂಗಿ ಕರೆಯೋ ಅಷ್ಟ್ರಾಗೆ ಭೇರಿ ಬಿತ್ತು. ಕುಡಿಕೆ ಅಲ್ಲೇ ಇಟ್ಟು ಓಡಿಬಿಟ್ಟ."

ಅವನು ಬಟ್ಟೆಯ ಗಂಟಿನಿಂದ ಕುಡಿಕೆ ತೆಗೆದುಕೊಟ್ಟ. ಹೊರಗೆ ಕೆಂಪು, ಬಾಯಿಯ ಸುತ್ತ ಕಪ್ಪು. ಕಂಠದ ಕೆಳಗೆ ಹೆಬ್ಬೆರಳು ಒತ್ತಿದ ಗುರುತು. ಎರೆಯ ತಾನು ಮಾಡಿದ ಪ್ರತಿಯೊಂದಕ್ಕೂ ಹಾಗೆ ಒತ್ತುತ್ತಿದ್ದ. ಸಣ್ಣಿ ಆ ಗುರುತಿನಲ್ಲಿ ತನ್ನ ಹೆಬ್ಬೆರಳು ಇಟ್ಟು ಬಹಳ ಹೊತ್ತು ಕೂತಳು.

ಬಾರಿಸಿದವನು ಕಾರಿಯ, ಬರೆಸಿದವನು ಅರಸ, ನಡುವೆ ನನ್ನದೇನು ತಪ್ಪು ಎಂದು ನಾನು ಜಾರಿಕೊಳ್ಳಬಹುದು. ಆದರೆ ಎರೆಯ ಕೇಳಿದ್ದು ನನ್ನ ದನಿಯನ್ನು. ಇನ್ನು ನೂರು ಹೆಜ್ಜೆ ನಡೆದಿದ್ದರೆ ಅವನು ಮನೆ ಸೇರುತ್ತಿದ್ದ. ಮನೆಗೆ ಬಾ ಎಂದು ಕರೆಯಲು ಹೊರಟ ನಾನೇ ಅವನನ್ನು ಅಟ್ಟಿಬಿಟ್ಟೆ. ಅವತ್ತಿನ ಸಂಕಟ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಇದೆ.

ಮರುದಿನ ಸಣ್ಣಿ ಕುಡಿಕೆ ಹಿಡಿದು ಚಾವಡಿಗೆ ಬಂದಳು. ನಾಲ್ಕು ವರ್ಷದ ಮೇಲೆ ಅಣ್ಣನನ್ನು ಮಾತಾಡಿಸಿದಳು.

"ಅಣ್ಣಾ, ನಿನ್ನ ಭೇರಿಗೆ ಬೇರೆ ಮಾತು ಬರಲ್ವಾ?"

"ನಂಗೆ ಬರಾದು ಅದೊಂದೇ, ಸಣ್ಣೀ."

"ನಾನು ಕಲಿಸ್ತೀನಿ. ಕೂತ್ಕಾ."

ಅವಳು ಕುಡಿಕೆಯನ್ನು ಮಡಿಲಲ್ಲಿ ಬೋರಲು ಹಾಕಿ ಬೆರಳಿನಿಂದ ತಟ್ಟಿದಳು. ಎರಡು ಸಣ್ಣ ಪೆಟ್ಟು, ಸ್ವಲ್ಪ ತಡೆ, ಮತ್ತೆ ಮೂರು. ಕಾರಿಯನ ಕೈ ಮೊದಲು ತಪ್ಪಿತು, ಮತ್ತೆ ತಪ್ಪಿತು. ಗುಡುಗಿ ರೂಢಿಯಾದ ಕೈ ಮೆಲ್ಲಗೆ ತಟ್ಟಲು ಒದ್ದಾಡಿತು. ಅವಳು ಅಣ್ಣನ ಮಣಿಕಟ್ಟು ಹಿಡಿದು ಕಲಿಸಿದಳು. ಹೊತ್ತು ಇಳಿಯುವಾಗ ನನ್ನೊಳಗಿಂದ ಕುಂಬಾರನ ಅಂಗಳದ ಸದ್ದು ಬಂದಿತು. ನಾನು ಹೊಟ್ಟೆಕಿಚ್ಚು ಪಟ್ಟಿದ್ದ ಸದ್ದು ಅದು. ಪಕ್ಕದ ಮನೆಯ ಮುದುಕಿಯೊಬ್ಬಳು ಕದ ತೆರೆದು, ಎರೆಯ ಬಂದನಾ ಎಂದು ಕೇಳಿದಳು.

ಧನಮಿತ್ರ ಹುಬ್ಬು ಗಂಟಿಕ್ಕಿದ. ಅರಸನ ಬಡಿತ ಬದಲಿಸಬೇಕಾದರೆ ಸುವರ್ಣಗಿರಿಯ ಅಪ್ಪಣೆ ಬೇಕು, ಅದು ಬರಲು ಎರಡು ಮಳೆಗಾಲ ಹಿಡಿಯುತ್ತದೆ. ಅವನು ಒಮ್ಮೆ ಸಣ್ಣಿಯನ್ನು ನೋಡಿದ, ಒಮ್ಮೆ ಆ ಕುಂಟ ಎಮ್ಮೆಯನ್ನು ನೋಡಿದ. ಹಗ್ಗ ಹೆಗಲಿಗೆ ಹಾಕಿಕೊಂಡು, "ಯಾರಾದರೂ ಕೇಳಿದರೆ ಮೊದಲಿನಿಂದಲೂ ಇದೇ ಇತ್ತು ಎನ್ನಿ" ಎಂದು ಹೇಳಿ ಹೊರಟ. ಅಧಿಕಾರಿಗಳಲ್ಲಿ ನಾನು ಇಷ್ಟಪಟ್ಟವನು ಅವನೊಬ್ಬನೇ.

ಮುಂದಿನ ಪುಷ್ಯದ ದಿನ ನಾನು ಹೊಸ ದನಿಯಲ್ಲಿ ನುಡಿದೆ. ಯಾರೂ ಓಡಲಿಲ್ಲ. ಒಬ್ಬೊಬ್ಬರಾಗಿ ಬಂದು ಚಾವಡಿಯ ಮುಂದೆ ಕೂತು ಧನಮಿತ್ರ ಓದಿದ ಆಜ್ಞೆ ಕೇಳಿದರು. ವರ್ಷ ಕಳೆಯುವುದರೊಳಗೆ ಬೆಟ್ಟದಿಂದ ಏಳು ಜನ ಗಡ್ಡ ಬೆಳೆಸಿಕೊಂಡು ಇಳಿದು ಬಂದರು. ಏಳನೆಯವನನ್ನು ಸಣ್ಣಿ ಎರೆಯನ ವಿಷಯ ಕೇಳಿದಳು. ಭೇರಿ ಬಿದ್ದ ಆ ದಿನ ಎರೆಯ ಬೆಟ್ಟದಲ್ಲೂ ನಿಲ್ಲಲಿಲ್ಲವಂತೆ. ಈ ಅರಸನ ಭೇರಿ ಕೇಳಿಸದ ಕಡೆ ಹೋಗುತ್ತೇನೆಂದು ತೆಂಕಣ ಗಡಿ ದಾಟಿದನಂತೆ.

ಆಮೇಲೆ ಪ್ರತಿ ಪುಷ್ಯದ ದಿನವೂ ಕಾರಿಯ ನನ್ನನ್ನು ನುಡಿಸುವಾಗ ಸಣ್ಣಿ ಕೆರೆಯ ಏರಿಯ ಮೇಲೆ ತೆಂಕಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು. ಓದುವುದು ಮುಗಿದು ಜನ ಎದ್ದು ಹೋದ ಮೇಲೂ ಕಾರಿಯ ಕೋಲು ಕೆಳಗಿಡುತ್ತಿರಲಿಲ್ಲ. ತಂಗಿ ಏರಿಯಿಂದ ಇಳಿಯುವವರೆಗೂ ಬಾರಿಸುತ್ತಿದ್ದ. ಗಡಿಯಾಚೆಗೂ ಕೇಳಲಿ ಎಂದು ನಾನು ನನ್ನ ಚರ್ಮವನ್ನೆಲ್ಲ ಬಿಗಿ ಮಾಡಿ ನುಡಿಯುತ್ತಿದ್ದೆ. ಕೆಲವು ಸಲ ಬಂಡೆಗಳಿಗೆ ಬಡಿದು ನನ್ನ ದನಿ ತಿರುಗಿ ಬರುತ್ತಿತ್ತು, ಯಾರೋ ಮಡಕೆ ತಟ್ಟಿದಂತೆ. ಸಣ್ಣಿ ಒಂದು ಹೆಜ್ಜೆ ಮುಂದೆ ಇಡುತ್ತಿದ್ದಳು. ಆಮೇಲೆ ನಿಲ್ಲುತ್ತಿದ್ದಳು.

ಉತ್ತರದಲ್ಲಿ ಮುದಿ ಅರಸ ತೀರಿಕೊಂಡನೆಂದು ಸುದ್ದಿ ಬಂತು. ಹತ್ತಿಯ ಮೂಟೆ ಬರುವುದು ನಿಂತಿತು. ಧನಮಿತ್ರ ತನ್ನ ಊರಿಗೆ ಹೋದವನು ತಿರುಗಿ ಬರಲಿಲ್ಲ, ಅವನ ಅಳತೆಯ ಹಗ್ಗದಲ್ಲಿ ಈಗ ಯಾರದೋ ಹಸು ಕಟ್ಟಿದ್ದಾರೆ. ಪುಷ್ಯದ ದಿನ ಓದಲು ಯಾರೂ ಇಲ್ಲ. ನನ್ನನ್ನು ಅರಸನ ಕಣಜದ ಮೂಲೆಯಲ್ಲಿ ತೂಗುಹಾಕಿದರು. ಕಣಜದಲ್ಲಿ ಕಾಳಿಲ್ಲ, ಆದ್ದರಿಂದ ಇಲಿಗಳು ನನ್ನನ್ನು ಹಿಡಿದುಕೊಂಡವು.

ಕೊನೆಗಾಲದಲ್ಲಿ ಕಾರಿಯನ ಬಲಗೈ ನಿಜವಾಗಿಯೂ ಸೇದಿಹೋಯಿತು. ಸಣ್ಣಿ ಅನ್ನ ಕಲಸಿ ತಿನ್ನಿಸುತ್ತಿದ್ದಳು. "ನಾನು ಅಂದಿದ್ದು ತಾಗ್ತೇನಣ್ಣಾ?" ಎಂದು ಒಂದು ದಿನ ಅತ್ತಳು. "ವಯಸ್ಸಾತು ಕಣವ್ವ, ಅಷ್ಟೇ" ಎಂದ ಅವನು. ಸಾಯುವ ಮುಂಚೆ ಒಮ್ಮೆ ಕಣಜಕ್ಕೆ ಬಂದು ಎಡಗೈಯನ್ನು ನನ್ನ ಮೇಲೆ ಇಟ್ಟ. ಇನ್ನೂ ಬೆಚ್ಚಗಿತ್ತು.

ಈಗ ಸಣ್ಣಿಗೂ ಬೆನ್ನು ಬಾಗಿದೆ. ಪ್ರತಿದಿನ ಹೊತ್ತು ಇಳಿಯುವಾಗ ಕಣಜಕ್ಕೆ ಬಂದು, ಉಳಿದಿರುವ ನನ್ನ ಬಲಮುಖವನ್ನು ಬರಿಗೈಯಲ್ಲಿ ತಟ್ಟುತ್ತಾಳೆ. ಎರಡು ಸಣ್ಣ ಪೆಟ್ಟು, ಸ್ವಲ್ಪ ತಡೆ, ಮತ್ತೆ ಮೂರು. ಅರಸನ ಆಜ್ಞೆ ನನ್ನೊಳಗೆ ಈಗ ಒಂದೂ ಉಳಿದಿಲ್ಲ, ಈ ಐದು ಪೆಟ್ಟು ಉಳಿದಿವೆ. ಬೆಟ್ಟ ಮುಟ್ಟುವ ಶಕ್ತಿ ನನಗಿಲ್ಲ, ಗಡಿಯ ಮಾತಂತೂ ದೂರ. ನನ್ನ ದನಿ ಕೆರೆಯ ಏರಿಯವರೆಗೆ ಹೋಗುತ್ತದೆ, ಅಷ್ಟೇ.

ಎರೆಯ ಬಂದು ನಿಂತದ್ದೂ ಅಲ್ಲಿಯೇ.