ಡಿಪೋ ತಂಗಿಯ ತಿದ್ದುಪಡಿ

ಅಕ್ಕನನ್ನು ಊರೆಲ್ಲ ಮಾತ್ರವಲ್ಲ, ಸಮುದ್ರದಾಚೆಯವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಾದ ಡಾಕ್ಟರುಗಳೂ ಅಕ್ಕ ಎನ್ನುವಾಗ, ಒಡಹುಟ್ಟಿದ ತಂಗಿಗೆ ಆ ಹೆಸರಿನ ಮೇಲೆ ಹೆಚ್ಚಿನ ಹಕ್ಕೇನೂ ಉಳಿದಿರಲಿಲ್ಲ. ತಂಗಿಗೂ ಒಂದು ಅಡ್ಡಹೆಸರಿತ್ತು. ನಗರದ ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವ ದಾರಿಗೆ, ಯಾವ ಚಾಲಕ ಯಾವ ಪಾಳಿಗೆ ಎಂದು ಹೊಂದಿಸುವ ಅಧಿಕಾರಿ ಅವಳು. ಹಾಗಾಗಿ ಎಲ್ಲರ ಬಾಯಲ್ಲೂ ಡಿಪೋ ತಂಗಿ.

ಅಕ್ಕ ದರ್ಜಿ. ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕೆಳಗಿನ ಹಬೆಯ ವಾಸನೆಯ ನಡುವೆ ಅವಳ ಹೊಲಿಗೆ ಯಂತ್ರ. ನಲವತ್ತು ದಾಟುತ್ತಿದ್ದಂತೆ ಕ್ಯಾನ್ಸರ್ ಬಂದು ಅವಳ ಎಡ ಸ್ತನವನ್ನು ತೆಗೆಯಬೇಕಾಯಿತು. ಅದರ ಬದಲಿಗೆ ಇಟ್ಟುಕೊಳ್ಳಲು ಆಸ್ಪತ್ರೆಯವರು ಕೊಟ್ಟ ರಬ್ಬರಿನ ವಸ್ತು ಕಲ್ಲಿನಷ್ಟು ಭಾರ. ಅಕ್ಕ ಅದನ್ನು ಒಂದು ದಿನ ಹೊತ್ತಳು. ಮರುದಿನ ಹಳೆಯ ಮೆತ್ತನೆಯ ಬಟ್ಟೆ ಕತ್ತರಿಸಿ, ತಮ್ಮ ಚಳಿಯ ಊರಿಗೆ ತಕ್ಕಂತೆ ಒಳಗೆ ಉಣ್ಣೆ ತುಂಬಿ, ತನಗೆ ಬೇಕಾದ್ದನ್ನು ತಾನೇ ಹೊಲಿದುಕೊಂಡಳು. ರವಿಕೆ ತೊಟ್ಟು ತಂಗಿಯ ಮುಂದೆ ನಿಂತು, "ಯಾವುದು ನಿಜದ್ದು ಹೇಳು ನೋಡೋಣ" ಎಂದಳು. ತಂಗಿ ಗಾಬರಿಯಲ್ಲಿ ಎಡಬಲ ಮರೆತು ತಪ್ಪು ಹೇಳಿದಳು. ಇಬ್ಬರೂ ನಗುತ್ತ ನಗುತ್ತ ಅತ್ತುಬಿಟ್ಟರು.

ಆಮೇಲೆ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವಳಿಗೊಂದು, ಅವಳ ಅತ್ತಿಗೆಗೊಂದು. ಬಿಡುವಿದ್ದವರು ಹೊಲಿದು ಕೊಡುವುದು, ಬೇಕಾದವರು ಬಿಟ್ಟಿಯಾಗಿ ಒಯ್ಯುವುದು. ಹೀಗೆ ಕೂಡಿದವರ ಸಂಘಕ್ಕೆ ಎದೆಯಾಸರೆ ಎಂಬ ಹೆಸರು ಹೇಗೋ ಹುಟ್ಟಿಕೊಂಡಿತು. ಹದಿನೆಂಟು ವರ್ಷಗಳಲ್ಲಿ ಅದು ಕುಂಬಳದ ಬಳ್ಳಿಯಂತೆ ಬೇಲಿ ಹಾರಿ, ರಸ್ತೆ ದಾಟಿ, ದೇಶದೇಶಗಳಿಗೆ ಹಬ್ಬಿತು. ಬೇರು ಮಾತ್ರ ಒಂದೇ: ಅಕ್ಕನ ಕತ್ತರಿ ಮೇಜು. ಹೊಸ ಅಳತೆಯಾಗಲಿ, ಹೊಸ ಶಾಖೆಯಾಗಲಿ, ಹೊಸ ಆಸ್ಪತ್ರೆಯಾಗಲಿ, ಅಕ್ಕ ಹೂಂ ಅನ್ನಬೇಕು. ತಿಂಗಳಿಗೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಸಭೆ, ಅದೂ ಅಕ್ಕನ ಮಧ್ಯಾಹ್ನದ ಬಿಡುವಿನಲ್ಲಿ. ಕೆಲವರಿಗೆ ಅದು ಬೆಳಗಿನ ಕಾಫಿಯ ಹೊತ್ತು, ಕೆಲವರಿಗೆ ಅಪರಾತ್ರಿ.

ಅಪರಾತ್ರಿಯವರಲ್ಲಿ ಒಬ್ಬಳು ದ್ವೀಪದ ನರ್ಸು. ಕಣ್ಣುಜ್ಜಿಕೊಂಡೇ ಮಾತಾಡುವ, ಆದರೆ ಒಂದು ಸಭೆಯನ್ನೂ ತಪ್ಪಿಸದ ಹೆಂಗಸು. ಒಮ್ಮೆ ಅವಳು ಕೇಳಿದಳು: "ಅಕ್ಕಾ, ನಮ್ಮ ಕಡೆ ತುಂಬಾ ಸೆಕೆ. ಉಣ್ಣೆ ತುಂಬಿದ್ರೆ ಗಾಯದ ಮೇಲೆ ಗುಳ್ಳೆ ಏಳುತ್ತೆ. ಹತ್ತಿ ತುಂಬ್ಲಾ?"

"ಹತ್ತಿ ಗಂಟು ಕಟ್ಟುತ್ತೆ ಕಣಮ್ಮ. ನೋಡೋಣ" ಎಂದಳು ಅಕ್ಕ.

ಅಕ್ಕನದು ಕೆಟ್ಟ ಮನಸ್ಸಲ್ಲ. ನೋಡಬೇಕಾದ್ದು ನೂರೆಂಟಿತ್ತು, ನೋಡುವವಳು ಒಬ್ಬಳೇ. ಆ "ನೋಡೋಣ" ತಿಂಗಳುಗಟ್ಟಲೆ ಹಾಗೇ ಕೂತಿತು. ಅಷ್ಟರಲ್ಲಿ ದ್ವೀಪದ ಆಸ್ಪತ್ರೆ ಈ ಉಣ್ಣೆಯದು ಬೇಡವೇ ಬೇಡ ಎಂದುಬಿಟ್ಟಿತು. ನರ್ಸು ಸಭೆಗೆ ಬರುವುದನ್ನೇ ನಿಲ್ಲಿಸಿದಳು. ಡಿಪೋ ತಂಗಿ ಫೋನ್ ಮಾಡಿ ವಿಚಾರಿಸಿದಾಗ ಅವಳು ಸಿಟ್ಟಿಲ್ಲದೆ ಹೇಳಿದಳು: "ಕೆಲಸ ಬಿಟ್ಟಿಲ್ಲ, ಸಭೆ ಬಿಟ್ಟಿದೀನಿ. ನಿದ್ದೆಗೆಟ್ಟು ಎದ್ದು ಕೂತು ನೋಡೋಣ ಅನ್ನೋದನ್ನ ಕೇಳೋಕೆ ಇನ್ನು ನನ್ನ ಕೈಲಾಗಲ್ಲ."

ಆ ಮಾತು ತಂಗಿಯ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಡಿಪೋದಲ್ಲಿ ಅವಳು ದಿನವೂ ನೋಡುವುದೇ ಬೇರೆ. ಊರ ಅಂಚಿನಲ್ಲಿ ಕೆಟ್ಟು ನಿಂತ ಬಸ್ಸನ್ನು ಹತ್ತಿರದ ಡಿಪೋದವರೇ ರಿಪೇರಿ ಮಾಡುತ್ತಾರೆ, ದೊಡ್ಡ ನಿಲ್ದಾಣದ ಅಪ್ಪಣೆಗೆ ಕಾಯುವುದಿಲ್ಲ. ಒಂದು ಸಂಜೆ ಮಹಡಿ ಹತ್ತಿ ಅಕ್ಕನಿಗೆ ನೇರವಾಗಿ ಹೇಳಿದಳು.

"ಅಕ್ಕಾ, ಪ್ರದೇಶ ಪ್ರದೇಶಕ್ಕೂ ಒಂದೊಂದು ಸಮಿತಿ ಮಾಡೋಣ. ಅವರವರ ಬಟ್ಟೆ, ಅವರವರ ಅಳತೆ, ಅವರವರ ಆಸ್ಪತ್ರೆ ಅವರೇ ನೋಡ್ಕೊಳ್ಲಿ. ಅಧ್ಯಕ್ಷರು ಮೂರು ವರ್ಷಕ್ಕೊಮ್ಮೆ ಬದಲಾಗ್ಲಿ."

ಯಂತ್ರದ ಗಾಲಿ ನಿಂತಿತು. "ಅಂದ್ರೆ ನಾನು ಎದ್ದು ಹೋಗ್ಬೇಕು."

"ಎದ್ದು ಪಕ್ಕದಲ್ಲಿ ಕೂತ್ಕೋ ಅಂದೆ."

"ಹೆರಿಗೆ ನೋವು ಹೆತ್ತೋಳಿಗೇ ಗೊತ್ತು ಕಣೇ."

"ಸರಿ. ಹೆತ್ತೋಳು ಮದುವೆಯಾದ ಮಗಳ ಅಡುಗೇಗೂ ತಾನೇ ಉಪ್ಪು ಹಾಕ್ತೀನಿ ಅಂದ್ರೆ?"

ಅಕ್ಕ ಕತ್ತರಿ ಎತ್ತಿಕೊಂಡು ಬಟ್ಟೆಯ ಮೇಲೆ ಬಗ್ಗಿದಳು. ಅಲ್ಲಿಗೆ ಮಾತು ಮುಗಿಯಿತು. ಮಾತೇ ನಿಂತುಹೋಯಿತು ಎಂದರೂ ಸರಿಯೇ. ಬಾಲ್ಯದಲ್ಲೂ ಅಕ್ಕನ ಮುನಿಸು ಅಂಥದ್ದೇ, ಗದ್ದಲವಿಲ್ಲದ್ದು.

ತಂಗಿ ಹಿಂದೆಗೆಯಲಿಲ್ಲ. ಪಾಳಿ ಮುಗಿಸಿ ಬಂದು ಸದಸ್ಯರಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು. ಹೆಂಡತಿಯ ಕಾಯಿಲೆಯ ಕಾಲದಲ್ಲಿ ಸಂಘ ಸೇರಿ, ಎಪ್ಪತ್ತರ ಹರೆಯದಲ್ಲಿ ಸೂಜಿ ಹಿಡಿಯಲು ಕಲಿತ ನಿವೃತ್ತ ಜಡ್ಜೊಬ್ಬರಿದ್ದರು. ಎಲ್ಲರಿಗೂ ಜಡ್ಜಜ್ಜ. ನಿಯಮಗಳನ್ನು ಬರೆದುಕೊಡಲು ಅವರು ಒಪ್ಪಿದರು. ಆದರೆ ತಂಗಿಯ ಮೊದಲ ಕರಡು ಓದಿ ಕನ್ನಡಕ ತೆಗೆದಿಟ್ಟರು.

"ಭೂಪಟ ನೋಡ್ಕೊಂಡು ಗೆರೆ ಎಳೆದಿದೀಯಲ್ಲ ತಾಯಿ. ಬಸ್ ದಾರಿ ಹೀಗೇ ಹಾಕ್ತೀಯಾ?"

ತಂಗಿಗೆ ನಾಚಿಕೆಯಾಯಿತು. ಬಸ್ ದಾರಿಯನ್ನು ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಎಂದು ನೋಡಿ ಹಾಕಬೇಕು. ಅವಳು ಎಲ್ಲ ಅಳಿಸಿ ಮತ್ತೆ ಕೂತಳು. ಯಾರು ಯಾರು ಒಂದೇ ಹೊತ್ತಿನಲ್ಲಿ ಎಚ್ಚರವಿರುತ್ತಾರೆ, ಯಾರ ಪಾರ್ಸಲ್ ಯಾರಿಗೆ ಬೇಗ ಮುಟ್ಟುತ್ತದೆ, ಯಾರದು ಸೆಕೆ, ಯಾರದು ಚಳಿ ಎಂದು ನೋಡಿ ಪ್ರದೇಶಗಳನ್ನು ಕಟ್ಟಿದಳು. ಎಲ್ಲ ಪ್ರದೇಶಗಳೂ ಸೇರುವ ಸಭೆಯ ಹೊತ್ತು ಸರದಿಯಂತೆ ಬದಲಾಗಬೇಕು, ನಿದ್ದೆಗೆಡುವ ಭಾಗ್ಯ ಎಲ್ಲರಿಗೂ ಹಂಚಿಕೆಯಾಗಬೇಕು ಎಂದು ಸೇರಿಸಿದಳು.

ಅತಿ ಮುಖ್ಯವಾದ ಸಾಲನ್ನು ಸೇರಿಸಿದವಳು ಮಾತ್ರ ದ್ವೀಪದ ನರ್ಸು. "ಹೊಲಿಯೋರಿಗೆ ಮಾತ್ರ ಓಟು. ತೊಟ್ಟುಕೊಳ್ಳೋರಿಗೆ ಯಾಕಿಲ್ಲ?" ಎಂದು ಕೇಳಿದಳು. ತಂಗಿ ಅದನ್ನು ಕರಡಿನಲ್ಲಿ ಬರೆದುಕೊಂಡಳು. ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಎಲ್ಲರೂ ಮುಖಾಮುಖಿ ಸೇರುವ ಮಹಾಸಭೆ ಬಂತು. ಒಂದು ಶಾಲೆಯ ಸಭಾಂಗಣ, ಕಿರ್ರೆನ್ನುವ ಮಡಚು ಕುರ್ಚಿಗಳು, ಆಗಾಗ ಕೂಗಿಕೊಳ್ಳುವ ಮೈಕು. ಅಧ್ಯಕ್ಷರ ಕುರ್ಚಿಯಲ್ಲಿ ಅಕ್ಕ. ತಂಗಿ ಎದ್ದು ತಿದ್ದುಪಡಿ ಮಂಡಿಸಿದಳು. ಚಾಲಕರ ಜಗಳ ಬಿಡಿಸುವ ಗಂಟಲು ಅಂದು ಬೆಕ್ಕಿನ ಮರಿಯಷ್ಟಾಗಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದಳು. ಅಕ್ಕನ ಮುಖ ನೋಡಿಯೇ ಹೇಳಿದಳು.

ಆಮೇಲೆ ಅಕ್ಕ ಮಾತಾಡಿದಳು. ಅವಳ ಮಾತಿನಲ್ಲೂ ಹುರುಳಿತ್ತು. "ಒಬ್ಬೊಬ್ಬರು ಒಂದೊಂದು ಥರ ಹೊಲಿದ್ರೆ, ಎಲ್ಲೋ ಒಂದು ಕಡೆ ಕಳಪೆ ಬರುತ್ತೆ. ಕಳಪೆ ಅಂದ್ರೆ ಬರೀ ಬಟ್ಟೆ ಅಲ್ಲ, ಒಬ್ಬ ಹೆಂಗಸಿನ ಗಾಯ. ಅದಕ್ಕೆ ಯಾರು ಹೊಣೆ? ಇವತ್ತು ನಾನು ಹೊಣೆ. ನಾಳೆ?" ಎಷ್ಟೋ ತಲೆಗಳು ಹೌದುಹೌದೆಂದು ಆಡಿದವು.

ಆಗ ಹಳೆಯ ಸದಸ್ಯರೊಬ್ಬರು ಎದ್ದು, "ಸ್ಥಾಪಕರಿಗೆ ಇಷ್ಟವಿಲ್ಲದ ವಿಷಯ ಮುಂದಕ್ಕೆ ಹಾಕಬಹುದು ಅಂತ ನಿಯಮ ಇದೆ. ಅಕ್ಕ ಮುಂದಕ್ಕೆ ಹಾಕ್ಲಿ, ಮಾತು ಮುಗೀತು" ಎಂದರು.

ನಿಯಮ ಇದ್ದದ್ದು ನಿಜ. ಜಡ್ಜಜ್ಜ ತಲೆ ತಗ್ಗಿಸಿದರು.

ಅಕ್ಕ ಸಭೆಯ ಕೊನೆಯ ಸಾಲಿನತ್ತ ನೋಡಿದಳು. ಅಲ್ಲಿ ದ್ವೀಪದ ನರ್ಸು ಕೂತಿದ್ದಳು.

"ಆಸ್ಪತ್ರೆಯೋರು ಬೇಡ ಅಂದ್ರಲ್ಲ, ಆ ಹೆಂಗಸರು ಆಮೇಲೆ ಏನ್ ಮಾಡಿದ್ರು?"

ನರ್ಸು ಎದ್ದಳು. "ಕೆಲವರು ಮನೇಲೇ ಉಳಿದ್ರು ಅಕ್ಕಾ. ಒಬ್ಬರು ಸ್ಕೂಲ್ ಟೀಚರು. ಕೆಲಸ ಬಿಡೋ ಹಾಗಿಲ್ಲ. ದಿನಾ ಬೋರ್ಡ್ ಕಡೆ ತಿರುಗಿ ನಿಂತೇ ಪಾಠ ಮಾಡ್ತಾರೆ."

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಕೈ ಎತ್ತಿದ್ದೆ. ಸರದಿ ಬರೋ ಹೊತ್ತಿಗೆ ಸಭೆ ಮುಗಿದಿತ್ತು."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಮೈಕನ್ನು ಹತ್ತಿರ ಎಳೆದುಕೊಂಡಳು.

"ಮುಂದಕ್ಕೆ ಹಾಕಲ್ಲ. ಪರವಾಗಿರೋರು ಕೈ ಎತ್ತಿ."

ಕೈಗಳು ಎದ್ದವು. ಮುಂದಿನ ಸಾಲಿನಲ್ಲಿ ಕೆಲವೇ ಕೆಲವು, ಹಿಂದೆ ಹೋದಂತೆ ದಟ್ಟವಾಗಿ. ಜಡ್ಜಜ್ಜ ಎರಡು ಸಲ ಎಣಿಸಿದರು.

"ಈಗ ವಿರುದ್ಧ" ಎಂದಳು ಅಕ್ಕ. ಎಲ್ಲರಿಗಿಂತ ಮೊದಲು ತನ್ನದೇ ಕೈ ಎತ್ತಿದಳು. "ನಾನು ವಿರುದ್ಧ. ನನ್ನದೂ ಲೆಕ್ಕಕ್ಕೆ ತಗೊಳ್ಳಿ."

ತಿದ್ದುಪಡಿ ಗೆದ್ದಿತು. ಫಲಿತಾಂಶವನ್ನು ಅಕ್ಕನೇ ಓದಿದಳು. ದನಿ ಒಂದೆಳೆಯೂ ನಡುಗಲಿಲ್ಲ. ಓದಿ ಮುಗಿಸಿ, "ಹೊಸ ನಿಯಮದ ಪ್ರಕಾರ ಈ ಕುರ್ಚಿ ಖಾಲಿ. ಜಡ್ಜಜ್ಜ ನಡೆಸಿಕೊಡ್ಲಿ. ಮುಂದಿನ ವಿಷಯ ಏನು?" ಎನ್ನುತ್ತ ವೇದಿಕೆಯಿಂದ ಇಳಿದು, ಎರಡನೆಯ ಸಾಲಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಂಗಿ ಅಂದು ತನ್ನ ಗೆಲುವನ್ನು ಮರೆತೇಬಿಟ್ಟಳು. ಅವಳು ನೋಡುತ್ತಿದ್ದುದು ಅಕ್ಕ ಇಳಿದ ಆ ನಾಲ್ಕು ಮೆಟ್ಟಿಲನ್ನು. ಹತ್ತುವಾಗ ಅಕ್ಕನನ್ನು ಬೇಕಾದಷ್ಟು ಸಲ ಕಂಡಿದ್ದಳು. ಹೀಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿಯುವುದನ್ನು ಕಂಡಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅಕ್ಕ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು. ಅಷ್ಟು ತಿಂಗಳ ಮೇಲೆ ಮೊದಲ ಮಾತು.

"ನಿನ್ನ ವಿರುದ್ಧ ಕೈ ಎತ್ತಿದ್ದು ನೋಡಿದ್ಯಾ?"

"ನೋಡ್ದೆ."

"ಇನ್ನೊಂದ್ಸಲ ಕೇಳಿದ್ರೂ ಎತ್ತೀನಿ."

"ಎತ್ತು. ನಾವೂ ಎಣಿಸ್ತೀವಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಮಾತು ಮಾತ್ರ ಚೆನ್ನಾಗಾಡ್ದೆ ಕಣೇ. ಆ ಡ್ರೈವರುಗಳು ನಿನ್ನ ಹತ್ರ ಹೇಗೆ ಬಾಳ್ತಾರೋ, ಪಾಪ." ಬಂದವರಿಗೆಲ್ಲ, "ಇವಳೇ ನನ್ನ ಸೋಲಿಸಿದೋಳು, ನನ್ನ ಸ್ವಂತ ತಂಗಿ" ಎಂದು ಹೇಳುತ್ತ ಹೋದಳು. ಯಾರಾದರೂ ಕೇಳಿದರೆ ಬಹುಮಾನ ಗೆದ್ದ ವಿಷಯ ಎಂದುಕೊಳ್ಳಬೇಕು, ಹಾಗಿತ್ತು ಆ ದನಿ.

ದ್ವೀಪಗಳ ಪ್ರದೇಶಕ್ಕೆ ನರ್ಸೇ ಅಧ್ಯಕ್ಷೆಯಾದಳು. ಹತ್ತಿ ಒಪ್ಪಿಗೆಯಾಯಿತು. ಅಕ್ಕ ಹೇಳಿದಂತೆ ಮೊದಮೊದಲು ಗಂಟೂ ಕಟ್ಟಿತು. ಅದಕ್ಕೆ ಅಡ್ಡ ಹೊಲಿಗೆ ಹಾಕುವ ಉಪಾಯವನ್ನು ಅಲ್ಲಿಯವರೇ ಕಂಡುಕೊಂಡರು. ಒಂದು ಸಲ ಅವರ ಸಭೆಗೆ ಅಕ್ಕನನ್ನೂ ಕರೆದಿದ್ದರು. ಸಭೆ ಅವರ ಸಂಜೆಯಲ್ಲಿ. ಅಕ್ಕ ಸೂರ್ಯ ಹುಟ್ಟುವ ಮೊದಲೇ ಎದ್ದು, ತಲೆ ಬಾಚಿಕೊಂಡು ಮಹಡಿಯಲ್ಲಿ ಕೂತಿದ್ದಳು. ತಂಗಿ ಪಕ್ಕದ ಸ್ಟೂಲಿನಲ್ಲಿ.

ದೋಣಿ ರಿಪೇರಿ ಮಾಡುವ ಹೆಂಗಸೊಬ್ಬಳು ಪರದೆಯ ಮೇಲೆ ಬಂದಳು. ತೊಟ್ಟುಕೊಳ್ಳುವವರ ಪರವಾಗಿ ಆರಿಸಿ ಬಂದವಳು. ದೋಣಿಯಡಿ ನುಸುಳುವಾಗ ಇದು ಮೇಲಕ್ಕೆ ಜಾರುತ್ತದೆ ಎಂಬುದು ಅವಳ ದೂರು.

"ಕೆಳಗೊಂದು ಪಟ್ಟಿ ಕೊಟ್ಟು, ಒಳ ಅಂಗಿಗೆ..." ಎಂದು ಅಕ್ಕ ಬಾಯಿ ಹಾಕಿದಳು.

"ಸ್ವಲ್ಪ ಇರಿ, ನಿಮ್ಮ ಸರದಿ ಮೂರನೇದು" ಎಂದಳು ದೋಣಿಯವಳು. ಅಕ್ಕ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ನೀವು ಯಾವ ಕಡೆಯೋರು?"

ನರ್ಸು ಏನೋ ಹೇಳಹೊರಟಳು. ಅಕ್ಕ ಕೈಯಿಂದಲೇ ತಡೆದಳು.

"ಚಳಿ ಕಡೆಯೋಳಮ್ಮ. ಹೊಲಿಯೋಳು."

ಅಕ್ಕನ ಮುಖದಲ್ಲಿ ಬೇಸರವಿದೆಯೇ ಎಂದು ತಂಗಿ ಓರೆಗಣ್ಣಿನಲ್ಲಿ ಹುಡುಕಿದಳು. ಅಕ್ಕನಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಸರದಿ ಬಂದಾಗ ತೋರಿಸಲೆಂದು, ಮೇಜಿನ ಮೇಲೆ ಒಂದು ತುಂಡು ಬಟ್ಟೆ ಹರಡಿ ಪಟ್ಟಿ ಕತ್ತರಿಸತೊಡಗಿದ್ದಳು.