ಅಂಟದ ಕಾಯಿಲೆ

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ?" ಎಂದು ಬ್ರಹ್ಮಾವರದ ಚರ್ಮದ ಡಾಕ್ಟರಮ್ಮ ಕೇಳಿದಾಗ ಗಿರಿಜಾ ಯೋಚಿಸದೆ "ಇಲ್ಲೆ" ಎಂದುಬಿಟ್ಟಳು.

ಪಕ್ಕದಲ್ಲಿ ಮಗಳು ನವ್ಯಶ್ರೀ ತಲೆತಗ್ಗಿಸಿ ಕೂತಿದ್ದಳು. ಇಪ್ಪತ್ತಮೂರರ ಹುಡುಗಿ. ಮೊಣಕೈ, ಬೆನ್ನು, ಕೂದಲ ಬುಡ, ಎಲ್ಲೆಡೆ ಕೆಂಪು ಬಿಲ್ಲೆಗಳು ಎದ್ದು ಬಿಳಿ ಹೊಟ್ಟು ಉದುರುತ್ತಿತ್ತು.

"ಇದು ಸೋರಿಯಾಸಿಸ್" ಎಂದರು ಡಾಕ್ಟರು. "ಗಾಯವಾದರೆ, ರೋಗಾಣು ಹೊಕ್ಕರೆ, ಮೈಯನ್ನು ಎಚ್ಚರಿಸಲಿಕ್ಕೆ ಕೆಲವು ಪ್ರೋಟೀನುಗಳಿವೆ. ಇಂಟರ್‌ಲ್ಯೂಕಿನ್ ಹದಿನೇಳು ಅಂತ ಒಂದು. ಅದು ಇರಬೇಕಾದದ್ದೇ. ಆದರೆ ಇವಳ ಚರ್ಮದಲ್ಲಿ ವೈರಿ ಇಲ್ಲದಿದ್ದರೂ ಎಚ್ಚರಿಸುತ್ತಲೇ ಇದೆ. ತಿಂಗಳಲ್ಲಿ ಬಲಿಯಬೇಕಾದ ಚರ್ಮ ವಾರದೊಳಗೇ ಮೇಲೆ ಬಂದು ಉದುರುತ್ತದೆ."

"ಹಂಗಾರೆ ಇದ್ ಅಂಟುದಿಲ್ಯಾ ಅಮ್ಮ?"

"ಇಲ್ಲವೇ ಇಲ್ಲ. ಒಂದೇ ಚಾಪೆಯಲ್ಲಿ ಮಲಗಲಿ, ಮಗು ಎತ್ತಿಕೊಳ್ಳಲಿ, ಏನೂ ಆಗುವುದಿಲ್ಲ."

ಗಿರಿಜಾ ಮಗಳ ಮೊಣಕೈ ನೋಡಿದಳು. "ನನ್ ತಂಗಿಗೆ ಇತ್ತ್" ಎಂದಳು ಕಡೆಗೆ. ಮಗಳು ತಿರುಗಿ ಅವಳನ್ನೇ ನೋಡಿದಳು. ಚಿಕ್ಕಿಯ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನವ್ಯಶ್ರೀ ಹುಟ್ಟಿದ ವರ್ಷ ಗಿರಿಜಾ ಬಾಣಂತನಕ್ಕೆ ತಾಯಿಮನೆಗೆ ಹೋಗಿದ್ದಳು. ತಂಗಿ ಪುಷ್ಪಳಿಗೆ ಆಗ ಹತ್ತೊಂಬತ್ತು. ಅಂಗೈಯೆಲ್ಲ ಒಡೆದು ಕೆಂಪಾಗಿದ್ದರೂ ಮಗುವಿನ ಬಟ್ಟೆ ಒಗೆದು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಮಗುವನ್ನು ಎತ್ತಲು ಬಗ್ಗಿದವಳಿಗೆ ಗಿರಿಜಾ, "ಮುಟ್ಬ್ಯಾಡ! ನನ್ ಹೆಣ್ಣಿಗೂ ಹತ್ತಿಸ್ತ್ಯಾ?" ಎಂದು ಕೂಗಿದ್ದಳು. ಮರುವರ್ಷ ಬೈಂದೂರಿನಿಂದ ಪುಷ್ಪಳಿಗೆ ಒಂದು ಸಂಬಂಧ ಬಂತು. ಗಂಡಿನ ತಾಯಿ ಮೀನು ಮಾರ್ಕೆಟ್ಟಿಗೇ ಬಂದು ವಿಚಾರಿಸಿದಾಗ, ಮೀನು ಮಾರುತ್ತ ಬುಟ್ಟಿಯ ಮುಂದೆ ಕೂತಿದ್ದ ಗಿರಿಜಾ ತಂಗಿಯ ಕಾಯಿಲೆಯ ವಿಷಯ ಎಲ್ಲವನ್ನೂ ಹೇಳಿದಳು. ಸಂಬಂಧ ಮುರಿಯಿತು. ತಾಯಿ ತೀರಿಕೊಳ್ಳುವ ತನಕ ಪುಷ್ಪ ಮನೆಯಲ್ಲೇ ಇದ್ದು, ಆಮೇಲೆ ತೆಕ್ಕಟ್ಟೆಗೆ ಹೋಗಿ ಹೊಲಿಗೆ ಅಂಗಡಿ ಇಟ್ಟಳು. ಅಕ್ಕನ ಮನೆಗೆ ಮತ್ತೆ ಕಾಲಿಡಲಿಲ್ಲ.

ಆ ಭಾನುವಾರ ಗಿರಿಜಾ ತೆಕ್ಕಟ್ಟೆಯ ಬಸ್ಸು ಹತ್ತಿದಳು. ಪುಷ್ಪ ರವಿಕೆಯೊಂದಕ್ಕೆ ತೋಳು ಹೊಲಿಯುತ್ತಿದ್ದಳು. ಅಕ್ಕನನ್ನು ಕಂಡು ಮಿಷನ್ ನಿಲ್ಲಿಸಿದಳಷ್ಟೇ, ಏಳಲಿಲ್ಲ. ಗಿರಿಜಾ ನಿಂತುಕೊಂಡೇ ಮಗಳ ವಿಷಯ, ಡಾಕ್ಟರು ಹೇಳಿದ್ದು ಎಲ್ಲ ತಿಳಿಸಿದಳು.

"ಅಂಟುದಿಲ್ಲೆ ಅಂದೇಳಿ ನಾನ್ ಅವತ್ತೇ ಹೇಳಿದ್ದೆ ಅಲ್ದಾ ಅಕ್ಕ?"

"ನೀ ಹೇಳಿದ್ದೆ. ನಾನ್ ನಂಬ್ಲಿಲ್ಲೆ. ಹೆದ್ರಿಕಿ ಆಯಿತ್ತ್."

"ಹೆಣ್ಣಿಗೆ ಅಂಟುತ್ತ್ ಅಂದೇಳಿ ಹೆದ್ರಿಕಿ, ಸರಿ. ಬೈಂದೂರಿನವ್ರಿಗೆ ಎಂತಕ್ಕೆ ಹೇಳ್ದೆ?"

ಯಾವತ್ತಾದರೂ ಈ ಪ್ರಶ್ನೆ ಬಂದೀತೆಂದು ಗಿರಿಜಾ ಒಂದು ಉತ್ತರ ಇಟ್ಟುಕೊಂಡಿದ್ದಳು: ಸುಳ್ಳು ಹೇಳಿ ಮದುವೆ ಮಾಡಬಾರದು. ಅದು ಬಾಯಿಗೆ ಬರಲಿಲ್ಲ.

"ಅಮ್ಮ ಹಾಸಿಗೆ ಹಿಡ್ದಿತ್ತ್. ನೀ ಮದಿ ಆಯಿ ಹೋರೆ ಅಮ್ಮನ್ನ ನೋಡ್ಕಂಬವ್ರ್ ಯಾರೂ ಇರ್ಲಿಲ್ಲೆ. ನನ್ ತಲಿ ಮೇಲೆ ಬತ್ತಿತ್ತ್."

ಇದನ್ನು ಗಿರಿಜಾ ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಪುಷ್ಪ ರವಿಕೆಯ ದಾರ ಕಡಿದು, ಮಡಚಿ, ಬದಿಗಿಟ್ಟಳು.

"ಹೆಣ್ಣನ್ನ ಕಳ್ಸ್" ಎಂದಳು. "ಈ ಕಾಯಿಲಿಯವ್ರಿಗೆ ಮಾತಾಡುಕೆ ಒಬ್ರ್ ಬೇಕಾತ್ತ್. ನಂಗೆ ಯಾರೂ ಇರ್ಲಿಲ್ಲೆ. ನೀನ್ ಇಲ್ಲಿಗೆ ಬಪ್ದ್ ಬ್ಯಾಡ."

ನವ್ಯಶ್ರೀ ಹೋದಳು. ಆ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಶುರುವಾಗಿ ನಾಲ್ಕು ತಿಂಗಳಲ್ಲಿ ಬಿಲ್ಲೆಗಳು ಮಾಸಿದವು. ಅವಳ ಒತ್ತಾಯಕ್ಕೆ ಪುಷ್ಪಳೂ ಬ್ರಹ್ಮಾವರದ ಡಾಕ್ಟರಲ್ಲಿ ತೋರಿಸಿಕೊಂಡಳು. ಚಿಕ್ಕಿಯ ಅಂಗೈ ನುಣ್ಣಗಾಗಿದೆ ಎಂದು ಮಗಳು ಹೇಳಿದ ದಿನ ಗಿರಿಜಾ ಬಚ್ಚಲಿಗೆ ಹೋಗಿ ಅತ್ತಳು.

ಈಗ ಪ್ರತಿ ಭಾನುವಾರ ಮಗಳು ತೆಕ್ಕಟ್ಟೆಯಿಂದ ಬರುವುದನ್ನೇ ಅವಳು ಕಾಯುತ್ತಾಳೆ.

"ಚಿಕ್ಕಿ ನನ್ ವಿಷಯ ಎಂತಾರೂ ಕೇಳ್ತಾ?"

"ಇಲ್ಲೆ ಅಮ್ಮ" ಎನ್ನುತ್ತಾಳೆ ನವ್ಯಶ್ರೀ, ಆದಷ್ಟು ಮೆಲ್ಲಗೆ.