ಮಹೆಬೂಬ ಸ್ಟೇರಿಂಗ್ ಹಿಡಿದ ಮಧ್ಯಾಹ್ನ

ಲಾರಿಯ ಮುಂದಿನ ಸೀಟು ಎಷ್ಟೇ ಖಾಲಿಯಿರಲಿ, ಮಹೆಬೂಬ ಹತ್ತುತ್ತಿದ್ದುದು ಹಿಂದಕ್ಕೇ. ಮೂಟೆಗಳ ಮೇಲೆ ಹೊದಿಸಿದ ತಾಡಪತ್ರಿಯ ಹಗ್ಗಕ್ಕೆ ಕೈ ಸಿಕ್ಕಿಸಿ ಮಲಗಿಬಿಡುವನು. ದೇವಿದಾಸ ಮಾತ್ರ ಡ್ರೈವರನ ಪಕ್ಕ ಕೂತು ಅವನ ಸಂಸಾರದ ಸುದ್ದಿ ಕೇಳುತ್ತ ಹೋಗುವನು. ಮೂರ್ನಾಲ್ಕು ವರ್ಷದಿಂದ ಇಬ್ಬರೂ ಹೀಗೆ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲೇ ತಿರುಗುತ್ತಿದ್ದರು. ಮಾಲು ಇಳಿಸುವುದಿದ್ದಲ್ಲಿ ಕೆಲಸ, ಧಾಬಾದವನು ಬೈಯದಿದ್ದಲ್ಲಿ ನಿದ್ದೆ. ದೇವಿದಾಸನಿಗೆ ಐವತ್ತರ ಹತ್ತಿರ. ಹೆಂಡತಿ ತೀರಿಕೊಂಡ ಮೇಲೆ ಘಾಟಬೋರಾಳದ ಮನೆ ಬಿಟ್ಟವನು. ಮಹೆಬೂಬ ಅವನಿಗಿಂತ ಬಹಳ ಚಿಕ್ಕವನು. ತಾನು ಮೊದಲು ಏನು ಮಾಡಿಕೊಂಡಿದ್ದೆನೆಂದು ಅವನು ಹೇಳಿರಲಿಲ್ಲ, ದೇವಿದಾಸ ಕೇಳಿರಲೂ ಇಲ್ಲ.

ಆ ದಿನ ಅವರು ಬಸವಕಲ್ಯಾಣದ ಅಡತಿ ಅಂಗಡಿಯಲ್ಲಿ ಸೈಫುದ್ದೀನ್ ಚಾಚಾ ಓಡಿಸುವ ಲಾರಿಗೆ ಸೋಯಾ ಮೂಟೆ ತುಂಬಿದ್ದರು. ಹುಮನಾಬಾದಿನ ಗೋದಾಮಿನಲ್ಲಿ ಇಳಿಸಲಿಕ್ಕೂ ನೀವೇ ಬರ್ರಿ ಎಂದು ಚಾಚಾ ಕರೆದುಕೊಂಡಿದ್ದ. ಸಸ್ತಾಪುರ ಬಂಗ್ಲಾದಲ್ಲಿ ಲಾರಿ ಹೆದ್ದಾರಿಗೆ ಹೊರಳುವಾಗ ದೇವಿದಾಸ ಅವನ ಕಡೆ ನೋಡಿದ. ಹೆಗಲ ಮೇಲಿನ ಟವೆಲಿನಿಂದ ಚಾಚಾ ಒಂದೇ ಸಮನೆ ಮುಖ ಒರೆಸಿಕೊಳ್ಳುತ್ತಿದ್ದ.

“ಬೆವರು ಭಾಳ ಬರಾಕತ್ತದಲ್ರಿ ಚಾಚಾ?”

“ಮುಂಜಾನೆ ಮಿರ್ಚಿ ಭಜಿ ತಿಂದೀನಿ. ಎದಿ ಉರಿಯಾಕತ್ತದ.”

“ಸ್ವಲ್ಪ ನಿಲ್ಲಸ್ರಿ. ನೀರು ಕುಡದು ಹೋಗೋಣು.”

“ಹುಮನಾಬಾದ ಏನ್ ದೂರ ಅದ? ಅಲ್ಲೇ ನಿಲ್ಲಸಿದ್ರಾಯ್ತು.”

ರಾಜೇಶ್ವರ ದಾಟಿದ ಮೇಲೆ ಚಾಚಾ ಮಾತು ನಿಲ್ಲಿಸಿದ. ಎಡಗೈಯನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮತ್ತೆ ಅದನ್ನು ಎತ್ತಲಿಲ್ಲ. ದೇವಿದಾಸ ಏನೋ ಕೇಳಬೇಕೆನ್ನುವಷ್ಟರಲ್ಲಿ ಚಾಚಾನ ತಲೆ ಬಾಗಿಲ ಕಡೆ ವಾಲಿತು. ಕಾಲು ಮಾತ್ರ ಎಕ್ಸಿಲೇಟರಿನ ಮೇಲೆ ಭಾರವಾಗಿ ಕೂತಿತ್ತು.

ಲಾರಿ ಜೋರಾಯಿತು. ಮುಂದೆ ಕಬ್ಬು ಹೇರಿದ ಎರಡು ಟ್ರೇಲರು ಎಳೆದುಕೊಂಡು ಒಂದು ಟ್ರ್ಯಾಕ್ಟರು ತೇಕುತ್ತ ಹೋಗುತ್ತಿತ್ತು. ದೇವಿದಾಸ ಇಂಜಿನ್ನಿನ ಮುಚ್ಚಳದ ಮೇಲೆ ಬಿದ್ದು ಸ್ಟೇರಿಂಗ್ ಹಿಡಿದ. ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಸ್ವಲ್ಪ ಬಲಕ್ಕೆ ತಿರುಗಿಸಿದರೆ ಲಾರಿ ಡಿವೈಡರಿಗೆ ಉಜ್ಜಿತು, ಬಿಟ್ಟರೆ ಕಬ್ಬಿನ ಕಡೆ ನುಗ್ಗಿತು. ಇನ್ನೊಂದು ಕೈಯಿಂದ ಚಾಚಾನ ಪೈಜಾಮ ಹಿಡಿದು ಕಾಲನ್ನು ಈಚೆ ಎಳೆದ. ಆಮೇಲೆ ಮುಷ್ಟಿಯಿಂದ ಕ್ಯಾಬಿನ್ನಿನ ತಲೆಗೆ ಗುದ್ದುತ್ತ ಮಹೆಬೂಬನ ಹೆಸರು ಹಿಡಿದು ಕೂಗತೊಡಗಿದ.

ಎಡಗಡೆಯ ಕಿಟಕಿಯಲ್ಲಿ ಮೊದಲು ಎರಡು ಕಾಲು ಕಂಡವು. ಮಹೆಬೂಬ ಒಳಗೆ ಜಾರಿದ. ಏನಾಗಿದೆಯೆಂದು ಅವನು ಕೇಳಲಿಲ್ಲ. ದೇವಿದಾಸನನ್ನು ಪಕ್ಕಕ್ಕೆ ತಳ್ಳಿ, ಚಾಚಾನ ತೊಡೆಯ ಮೇಲೇ ಅರ್ಧ ಕೂತು ಬ್ರೇಕು ಒತ್ತಿದ. ಗೇರು ತಾನಾಗಿ ಅವನ ಕೈಗೆ ಬಂದಂತೆ ಕಂಡಿತು. ಕಬ್ಬಿನ ಸೋಗೆ ಕನ್ನಡಿಯನ್ನು ಸವರಿ ಹೋಯಿತು. ಲಾರಿ ನರಳುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು.

ಚಾಚಾ ಉಸಿರಾಡುತ್ತಿದ್ದ, ಆದರೆ ತುಟಿ ನೀಲಿಗಟ್ಟಿತ್ತು. ಇಬ್ಬರೂ ಅವನನ್ನು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದರು. ಇಬ್ಬರಿಗೂ ಇದ್ದ ಒಂದೇ ಮೊಬೈಲಿನ ಚಾರ್ಜು ಮುಗಿದಿತ್ತು; ಚಾಚಾನ ಫೋನು ಗಡಿಬಿಡಿಯಲ್ಲಿ ಎಲ್ಲಿ ಬಿತ್ತೋ ಸಿಗಲಿಲ್ಲ. ದೇವಿದಾಸ ರಸ್ತೆಗಿಳಿದು ಕೈ ಬೀಸಿದ. ಕಾರುಗಳು ಅವನ ಗಡ್ಡ, ಹರಿದ ಅಂಗಿ ನೋಡಿ ಇನ್ನಷ್ಟು ಬಲಕ್ಕೆ ಸರಿದು ಹೋದವು.

ತಿರುಗಿ ನೋಡಿದರೆ ಮಹೆಬೂಬ ಲಾರಿಯಿಂದ ದೂರ ಹೋಗಿ ನಿಂತಿದ್ದ. ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದ.

“ಗಾಡಿ ನಡಸು, ತಮ್ಮಾ.”

“ನನ್ನ ಕೈಲೆ ಆಗಲ್ಲ ಅಣ್ಣಾ.”

“ಈಗ ನಡಸಿದ್ಯಲ್ಲ.”

“ನಿಲ್ಲಸಿದ್ದು ಅದು. ನಡಸಿದ್ದಲ್ಲ.” ಮಹೆಬೂಬ ನೆಲ ನೋಡುತ್ತ ಹೇಳಿದ. “ನಾ ಲಾರಿ ಡ್ರೈವರ್ ಇದ್ದೆ. ಒಂದ್ಸಲ ತೆಲಂಗಾಣದ ಕಡೆ ಒಬ್ಬಾಂವ ಬೈಕ್ ತಗೊಂಡು ಅಡ್ಡ ಬಂದು ಬಿದ್ದ. ನನ್ನ ಗಾಡಿ ಅವನ್ನ ಮುಟ್ಟಿಲ್ಲ. ಬ್ರೇಕ್ ಹಾಕಿ ನಿಲ್ಲಸಿದ್ದೆ. ಜನ ಕೂಡ್ತು. ಯಾರೂ ಏನೂ ಕೇಳಲಿಲ್ಲ. ನನ್ನ ಜೋಡಿ ಇದ್ದ ಕ್ಲೀನರ್ ಮುಜಾಫರ್ ಓಡಿ ಹೋದ. ನಾ ಒಬ್ಬನೇ ಸಿಕ್ಕೆ.”

ಅವನು ಕೂದಲು ಸರಿಸಿದ. ಕಿವಿಯ ಮೇಲ್ಗಡೆ ಬುರುಡೆಯಲ್ಲಿ ಬೆರಳು ಕೂರುವಂಥ ತಗ್ಗಿತ್ತು.

ಒಳಗೆ ಚಾಚಾನ ಗಂಟಲು ಗೊರಗೊರ ಅನ್ನತೊಡಗಿತ್ತು.

“ಹುಮನಾಬಾದ್ನಾಗೂ ಜನ ಅದ,” ಎಂದ ದೇವಿದಾಸ. “ಅದನ್ನ ಇಲ್ಲ ಅನ್ನಲ್ಲ ನಾ. ಆದ್ರ ನಾ ಓಡಿ ಹೋಗಾಂವಲ್ಲ. ಇಷ್ಟೇ ಹೇಳಾಕ ಬರ್ತದ ನನಗ.”

ಮಹೆಬೂಬ ಒಮ್ಮೆ ಅವನ ಮುಖ ನೋಡಿ, ಲಾರಿ ಹತ್ತಿದ.

ಚಾಚಾನ ತಲೆ ಮಹೆಬೂಬನ ತೊಡೆಗೆ ಒರಗಿತ್ತು, ಕಾಲು ದೇವಿದಾಸನ ಮಡಿಲಲ್ಲಿದ್ದವು. ಆ ಪಾದಗಳು ತಣ್ಣಗಾಗುತ್ತಿವೆಯೆನಿಸಿ ದೇವಿದಾಸ ಅವನ್ನು ತಿಕ್ಕುತ್ತ ಕೂತಿದ್ದ. ಊರೊಳಗೆ ಬಂದಾಗ ಸಂತೆಯ ಗದ್ದಲ, ತಳ್ಳುಗಾಡಿ, ಆಟೋ. ಮಹೆಬೂಬ ಹಾರ್ನ್ ಒತ್ತಿ ಹಿಡಿದು ಇಂಚಿಂಚೇ ಸರಿಯುತ್ತಿದ್ದ. ಆಸ್ಪತ್ರೆಯ ಗೇಟು ಕಣ್ಣಿಗೆ ಬಿತ್ತು.

ಆಗಲೇ ಎಡಗಡೆಯಿಂದ ಒಂದು ಬೈಕು ನುಗ್ಗಿ, ತಳ್ಳುಗಾಡಿಗೆ ತಾಗಿ, ಲಾರಿಯ ಎದುರಿಗೇ ಅಡ್ಡ ಬಿತ್ತು. ಮಹೆಬೂಬ ಬ್ರೇಕು ಹಾಕಿದ. ಬಂಪರಿಗೂ ಬಿದ್ದವನಿಗೂ ನಡುವೆ ಒಂದು ಮೊಳವಿತ್ತು.

“ಹೊಡದಾನ, ಹಿಡೀರಿ,” ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಲಾರಿಯ ಸುತ್ತ ಜನ. ಒಬ್ಬ ಗಾಜಿಗೆ ಗುದ್ದಿದ, ಇನ್ನೊಬ್ಬ ಬಾಗಿಲ ಹಿಡಿಕೆ ಜಗ್ಗತೊಡಗಿದ. ಮಹೆಬೂಬ ಅಲುಗಾಡಲಿಲ್ಲ. ಅವನ ಬೆರಳು ಸ್ಟೇರಿಂಗಿಗೆ ಅಂಟಿಕೊಂಡಿದ್ದವು, ಕಣ್ಣು ಎಲ್ಲೋ ದೂರ ನೆಟ್ಟಿದ್ದವು.

ದೇವಿದಾಸ ಎಡಗಡೆಯಿಂದ ಇಳಿದು ಜನರ ನಡುವೆ ತೂರಿ ಡ್ರೈವರನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹೇಳಲು ಬಾಯಿ ತೆರೆದವನಿಗೆ ಮೊದಲ ಏಟು ಬಾಯಿಗೇ ಬಿತ್ತು. ಎರಡನೆಯದು ಕಿವಿಗೆ. ಅವನು ಕೈ ಎತ್ತಲಿಲ್ಲ, ಜಾಗ ಬಿಡಲೂ ಇಲ್ಲ. ರಕ್ತ ಉಗುಳಿ, “ಹೊಡೀರಿ. ಆದ್ರ ಮೊದಲ ಒಳಗ ನೋಡ್ರಿ. ಮನಷ್ಯಾ ಸಾಯಾಕತ್ಯಾನ,” ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

ಡ್ರೈವರನನ್ನು ಹೊರಗೆಳೆಯಲೆಂದು ಒಬ್ಬ ದಡಿಯ ದೇವಿದಾಸನನ್ನು ಸರಿಸಿ ಮೆಟ್ಟಿಲು ಹತ್ತಿದ. ಒಳಗೆ ಇಣುಕಿದವನ ಕೈ ಅಲ್ಲೇ ನಿಂತಿತು.

“ಇಂವಾ ನಮ್ಮ ಸೈಫುದ್ದೀನ್ ಚಾಚಾ ಅಲ್ಲೇನು?”

ಆಮೇಲಿನದನ್ನು ದೇವಿದಾಸ ಬಾಗಿಲಿಗೆ ಒರಗಿಕೊಂಡೇ ನೋಡಿದ. ಈಗಷ್ಟೇ ಹೊಡೆದ ಕೈಗಳೇ ಚಾಚಾನನ್ನು ಎತ್ತಿದವು. ಬಿದ್ದಿದ್ದ ಬೈಕಿನವನು ತರಚಿದ ಮೊಣಕೈ ಹಿಡಿದುಕೊಂಡು, ದಾರಿ ಬಿಡ್ರಿ ಎನ್ನುತ್ತ ಮುಂದೆ ಓಡಿದ. ಗಳಿಗೆಯಲ್ಲಿ ಬೀದಿ ಖಾಲಿಯಾಯಿತು. ಸೀಟಿನ ಕೆಳಗೆಲ್ಲೋ ಫೋನು ಹೊಡೆದುಕೊಳ್ಳುತ್ತಿತ್ತು. ಮಹೆಬೂಬನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆಯೇ ದೇವಿದಾಸ ಬಗ್ಗಿ ಅದನ್ನು ಹುಡುಕಿದ್ದು. ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ಚಾಚಾನ ಹೆಂಡತಿ ಬೀಬಿಜಾನ ಮಾಡಿದ ಕರೆ ಅದು.

ಜೀವಕ್ಕೆ ಅಪಾಯವಿಲ್ಲ, ಆದರೆ ಬೀದರಿಗೆ ಒಯ್ಯಬೇಕು ಎಂದರು ಡಾಕ್ಟರು. ಸುದ್ದಿ ಕೇಳಿ ಓಡಿಬಂದಿದ್ದ ಬೀಬಿಜಾನ ಗಂಡನ ಜೊತೆ ಆಂಬುಲೆನ್ಸ್ ಹತ್ತುವ ಮುಂಚೆ ಮಹೆಬೂಬನ ತಲೆ ಸವರಿದಳು. ಲಾರಿಯ ಮಾಲೀಕ ಸತೀಶಕುಮಾರ ಬಂದು ಎಲ್ಲ ವಿಚಾರಿಸಿದ. ಉಜ್ಜಿದ ಬಣ್ಣ ನೋಡಿ ಸಿಟ್ಟಾಗಲಿಲ್ಲ.

“ಲೈಸೆನ್ಸ್ ಅದ ಏನು?”

“ಮುದತ್ ಮುಗದದ್ರಿ.”

“ಹೊಸದ ಮಾಡಿಸ್ಕೊಂಡ ಬಾ. ಚಾಚಾ ಎದ್ದು ಬರೂತನಕ ಗಾಡಿ ನಿನ್ನ ಕೈಯಾಗ ಕೊಡ್ತೀನಿ.”

ಹೊರಗೆ ಬಂದ ಮೇಲೆ ಮಹೆಬೂಬ ನಕ್ಕ. ಸಂತೋಷದ ನಗೆಯಲ್ಲ. “ಲೈಸೆನ್ಸ್ ಮಾಡ್ಸಾಕ ಹೋದ್ರ ಎಲ್ಲಿ ಇರ್ತಿ ಅಂತ ಕೇಳ್ತಾರ ಅಣ್ಣಾ. ಧಾಬಾದ ಹಿಂದ ಅಂತ ಹೇಳ್ಲೇನು?”

ದೇವಿದಾಸನಿಗೆ ತಾನು ಬಿಟ್ಟು ಬಂದ ಮನೆ ನೆನಪಾಯಿತು; ಜನರ ಏಟಿಗೆ ಹೆದರದವನು ಈಗ ಹೆದರಿದ. ಹೆಂಡತಿಯ ಮಣ್ಣು ಮುಗಿಸಿದ ಮರುದಿನ ಯಾರಿಗೂ ಹೇಳದೆ ಎದ್ದು ಬಂದಿದ್ದ. ಉಳಿದ ಕರ್ಮಗಳನ್ನೆಲ್ಲ ಅಕ್ಕ ಶೇವಂತಾಬಾಯಿ ಒಬ್ಬಳೇ ಮಾಡಿದ್ದಳು. ಆ ಮುಖವನ್ನು ಹೇಗೆ ನೋಡುವುದು?

“ನಮ್ಮೂರಿಗಿ ಹೋಗೋಣ ನಡಿ,” ಎಂದ.

ಹೊತ್ತು ಇಳಿಯುವಾಗ ಘಾಟಬೋರಾಳದ ಆ ಮನೆಯ ಮುಂದೆ ನಿಂತರು. ಶೇವಂತಾಬಾಯಿ ಮೊರ ಹಿಡಿದು ಹೊರಗೆ ಬಂದವಳು ತಮ್ಮನನ್ನು ಗುರುತಿಸಿದಳು. ಮುಖ ಗಟ್ಟಿಯಾಯಿತು.

“ಬಾಯಿಗ ಏನಾಗ್ಯದ?”

“ಹೊಡದಾರ.”

“ಛಲೋ ಮಾಡ್ಯಾರ.” ಆಮೇಲೆ ಮಹೆಬೂಬನ ಕಡೆ ತಿರುಗಿದಳು. “ನೀ ಯಾರಪ್ಪಾ? ಹಸದಂಗ ಕಾಣ್ತಿ. ಒಳಗ ಬಾ.”

ದೇವಿದಾಸನನ್ನು ಅವಳು ಕರೆಯಲಿಲ್ಲ. ಅವನು ಕಟ್ಟೆಯ ಮೇಲೆ ಕೂತ. ಮಹೆಬೂಬನೂ ಚಪ್ಪಲಿ ಬಿಟ್ಟು ಬಂದು ಅವನ ಪಕ್ಕದಲ್ಲಿ ಕೂತ.

“ಅಣ್ಣಾ ಒಳಗ ಬರೂತನಕ ನಾ ಇಲ್ಲೇ ಇರ್ತೀನ್ರಿ, ಅವ್ವಾ.”

ಅವಳು ಇಬ್ಬರನ್ನೂ ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸದ್ದು ಮುಗಿದ ಮೇಲೆ ಎರಡು ತಾಟು ತಂದು ಕಟ್ಟೆಯ ಮೇಲಿಟ್ಟಳು. ದೇವಿದಾಸನ ತಾಟಿನಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಇಟ್ಟಿದ್ದಳು.